ಎಡಗೈಯ ದೋಣಿ

ಸೊಲಾಂಜ್ ಅಮಿರೋ ತನ್ನ ಎಡಗೈಯನ್ನು ಮೊದಲ ಸಲ ಸರಿಯಾಗಿ ನೋಡಿದ್ದು ನಲವತ್ತೊಂದನೆಯ ವಯಸ್ಸಿನಲ್ಲಿ, ಸೆಪ್ಟೆಂಬರಿನ ಒಂದು ಮಂಗಳವಾರ ಬೆಳಿಗ್ಗೆ. ಅದಕ್ಕೂ ಮೊದಲು ಹದಿನೆಂಟು ವರ್ಷ ಆ ಕೈ ಪಬ್ನಿಕೋ ಎಂಬ ಮೀನುಗಾರರ ಊರಿನ ದಕ್ಕೆಯ ಶೆಡ್ಡಿನಲ್ಲಿ ಲಾಬ್‌ಸ್ಟರ್ ಎಂಬ ದೊಡ್ಡ ಕಡಲ ಸಿಗಡಿಗಳ ಬೆನ್ನು ಹಿಡಿದಿತ್ತು. ಬಲಗೈ ಇಕ್ಕಳದಿಂದ ಅವುಗಳ ಕಚ್ಚುವ ಮುಂಗಾಲುಗಳಿಗೆ ರಬ್ಬರ್ ಬಳೆ ತೊಡಿಸುತ್ತಿತ್ತು. ಹಂಗಾಮಿನ ದಿನಗಳಲ್ಲಿ ಒಂದು ಪಾಳಿಗೆ ಎರಡು ಸಾವಿರ ಲಾಬ್‌ಸ್ಟರು. ಕೈಯನ್ನು ನೋಡುತ್ತ ಕೂರಲು ಅಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ.

ಆ ವರ್ಷ ಶೆಡ್ಡು ಮುಚ್ಚಿತು. ಉಳಿದ ಹೆಂಗಸರು ಪಕ್ಕದ ಊರಿನ ಶೆಡ್ಡಿಗೆ ಹೋದರು. ಸೊಲಾಂಜ್ ಮಾತ್ರ ಯಾರ್ಮತ್ ಪಟ್ಟಣದ ಕಾಲೇಜಿಗೆ ಹೋಗಿ, ಪುಸ್ತಕಗಳಿಗೆ ಚಿತ್ರ ಬರೆಯುವುದನ್ನು ಕಲಿಸುವ ತರಗತಿಗೆ ಹೆಸರು ಬರೆಸಿ ಬಂದಳು. ಮನೆಯಲ್ಲಿ ಹೇಳಿದಾಗ ಅವಳ ಅಪ್ಪ ಆಲ್ಫೇ ರೇಡಿಯೋ ಸದ್ದನ್ನು ತಗ್ಗಿಸಿದರು. ನಲವತ್ತಾರು ವರ್ಷ ಸ್ವಂತ ದೋಣಿ ನಡೆಸುವ ತಾಂಡೇಲರಾಗಿದ್ದ ಅವರಿಗೆ ಆಗ ಎಪ್ಪತ್ತೆರಡು.

"ಚಿತ್ರ ಬರೆಯೋದಕ್ಕೆ ಶಾಲೆ ಉಂಟಾ?"

"ಉಂಟು ಅಪ್ಪ."

"ಹಾಗಾದ್ರೆ ಸುಮ್ನೆ ಕೂತ್ಕೊಳ್ಳೋದಕ್ಕೂ ಒಂದು ಇರ್ಬೇಕು. ವಿಳಾಸ ಕೇಳ್ಕೊಂಡು ಬಾ, ನಾನೂ ಸೇರ್ತೇನೆ."

ತರಗತಿಯಲ್ಲಿ ಹನ್ನೊಂದು ಜನ. ಹತ್ತು ಜನಕ್ಕೆ ಇಪ್ಪತ್ತು ದಾಟಿರಲಿಲ್ಲ. ಪಾಠ ಹೇಳುವ ವರ್ನಾ ಕ್ರೋವೆಲ್ ಗಿಡಮರಗಳ ಪುಸ್ತಕಗಳಿಗೆ ಮೂವತ್ತು ವರ್ಷ ಚಿತ್ರ ಬರೆದವರು. ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಅದನ್ನೇ ಹುಡುಕುವವರು. ಮೊದಲ ದಿನದ ಕೆಲಸ ಸರಳವಾಗಿತ್ತು. ಎಡಗೈಯನ್ನು ಮೇಜಿನ ಮೇಲಿಟ್ಟು ನೋಡಬೇಕು. ಬಲಗೈ ಬರೆಯುತ್ತಾ ಹೋಗಬೇಕು. ಇಪ್ಪತ್ತು ನಿಮಿಷ ಕಾಗದದ ಕಡೆ ಕಣ್ಣು ಹಾಯಿಸಕೂಡದು.

"ಕಾಗದ ನೋಡದೆ ಬರೆದ್ರೆ ಎಲ್ಲೆಲ್ಲಿಗೋ ಹೋಗ್ತದಲ್ಲ?" ಎಂದು ಸೊಲಾಂಜ್ ಕೇಳಿದಳು.

"ಹೋಗ್ಲಿ ಬಿಡಿ. ಕಣ್ಣು ಎಲ್ಲಿದೆಯೋ ಕೈ ಅಲ್ಲಿಗೇ ಬರೋದನ್ನ ಕಲೀಲಿ."

ಇಪ್ಪತ್ತು ನಿಮಿಷದ ನಂತರ ಕಾಗದದ ಮೇಲೆ ಕಂಡದ್ದು ಚೀಲದಿಂದ ಹೊರಬಿದ್ದ ಬೇರುಗಳಂತಿತ್ತು. ಎಲ್ಲರೂ ನಕ್ಕರು, ಸೊಲಾಂಜ್ ನಗಲಿಲ್ಲ. ಅವಳು ಇನ್ನೂ ಕೈಯನ್ನೇ ನೋಡುತ್ತಿದ್ದಳು. ತೋರುಬೆರಳು ಮೊದಲ ಗಂಟಿನಿಂದಾಚೆ ಹೆಬ್ಬೆರಳ ಕಡೆಗೆ ವಾಲಿತ್ತು. ಹದಿನೆಂಟು ವರ್ಷದಲ್ಲಿ ಹಿಡಿದ ಲಾಬ್‌ಸ್ಟರುಗಳ ಬೆನ್ನಿನ ಅಗಲಕ್ಕೆ ಸರಿಯಾಗಿ ಅದು ಬಾಗಿಹೋಗಿತ್ತು. ಖಾಲಿ ಇದ್ದಾಗಲೂ ಕೈ ಏನನ್ನೋ ಹಿಡಿದುಕೊಂಡೇ ಇತ್ತು.

ಪ್ರತಿ ಶುಕ್ರವಾರ ವಿದ್ಯಾರ್ಥಿಗಳು ಒಂದು ಪುಸ್ತಕದಲ್ಲಿ ನಾಲ್ಕು ಸಾಲು ಬರೆಯಬೇಕೆಂಬುದು ವರ್ನಾ ಅವರ ಕಟ್ಟಳೆ. ಆ ವಾರ ಸೊಲಾಂಜ್ ಬರೆದದ್ದು ಇಷ್ಟು: "ನನ್ನ ಬೆರಳು ಸೊಟ್ಟಗಿದೆ. ನನಗೆ ಗೊತ್ತಿರಲಿಲ್ಲ. ಇನ್ನೂ ಏನೇನು ಗೊತ್ತಿಲ್ಲವೋ. ಕಾರು ಓಡಿಸುತ್ತ ಬರುವಾಗ ದಾರಿಯ ಮನೆಗಳೆಲ್ಲ ನಿನ್ನೆ ರಾತ್ರಿ ಕಟ್ಟಿದ ಹಾಗೆ ಕಂಡವು."

ಅಕ್ಟೋಬರಿನ ಹೊತ್ತಿಗೆ ಅವಳ ಅಡುಗೆಮನೆಯ ಗೋಡೆಯಲ್ಲಿ ಜಾಗ ಉಳಿಯಲಿಲ್ಲ. ಕೆಟಲು, ಆಲೂಗೆಡ್ಡೆ ತುರಿಯುವ ಮಣೆ, ಅಪ್ಪನ ಬೂಟು. ಬೂಟು ಒಂದನ್ನೇ ಇಪ್ಪತ್ತಾರು ಸಲ ಬರೆದಿದ್ದಳು. ಇಪ್ಪತ್ತನೆಯದನ್ನು ಬರೆಯುವಾಗ, ಬಲಗಾಲಿನ ಹಿಮ್ಮಡಿ ಮಾತ್ರ ಹೊರಗಡೆಗೆ ಸವೆದಿರುವುದು ಕಂಡಿತು. ಅಪ್ಪ ಒಂದು ಕಾಲಿನ ಮೇಲೆ ಭಾರ ಹಾಕಿ ನಿಂತು ನಿಂತು ಬದುಕು ಕಳೆದಿದ್ದರು. ಅದನ್ನು ಹೇಳಲು ಆ ಬೂಟು ಹತ್ತೊಂಬತ್ತು ಚಿತ್ರಗಳವರೆಗೆ ಕಾದಿತ್ತು.

ಆ ತಿಂಗಳಲ್ಲೇ ವರ್ನಾ ಇನ್ನೊಂದು ಉಪಾಯ ಕಲಿಸಿದರು. ಬರೆದ ಕಾಗದವನ್ನು ಹಿಂದುಮುಂದಾಗಿಸಿ ಕಿಟಕಿಯ ಗಾಜಿಗೆ ಒತ್ತಿ ಹಿಡಿಯುವುದು. ಬೆಳಕು ತೂರಿ ಬಂದು ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗಿ ಕಾಣುತ್ತದೆ. ಬರೆದವರ ಕಣ್ಣು ತನ್ನ ತಪ್ಪುಗಳಿಗೆ ಒಗ್ಗಿಹೋಗಿರುತ್ತದೆ. ತಿರುಗಿಸಿದೊಡನೆ ಅವೇ ತಪ್ಪುಗಳು ಎದ್ದು ನಿಲ್ಲುತ್ತವೆ. ಸೊಲಾಂಜ್ ಕೆಟಲನ್ನು ಹಿಡಿದು ನೋಡಿದಳು. ಅದು ಕುಡಿದವನ ಹಾಗೆ ವಾಲಿತ್ತು. ಅಪ್ಪನ ಮುಖ ಹಿಡಿದಳು. ಒಂದು ಕಣ್ಣು ಕಿವಿಯತ್ತ ಜಾರಿತ್ತು. ಮೂರು ವಾರದಿಂದ ಗೋಡೆಯ ಮೇಲೆ ಸರಿಯಾಗಿಯೇ ಇದ್ದ ಮುಖ! ಅಂದಿನಿಂದ ಕಿಟಕಿಗೆ ಹಿಡಿಯದೆ ಅವಳು ಯಾವುದನ್ನೂ ಮುಗಿಸುತ್ತಿರಲಿಲ್ಲ.

ಮೊದಲ ಅವಧಿಯ ಕೊನೆಯ ಕೆಲಸಕ್ಕೆ ಒಂದು ಷರತ್ತಿತ್ತು: ನಿಜವಾಗಿ ಬೇಕಾದವರಿಗೆ, ಬೇಕಾದ ಒಂದು ಚಿತ್ರ ಬರೆಯಬೇಕು, ಅದು ಅಚ್ಚಾಗಬೇಕು. ಸೊಲಾಂಜ್ ಹುಡುಕಾಡಲಿಲ್ಲ. ನವೆಂಬರಿನ ಕೊನೆಯ ಸೋಮವಾರ ಲಾಬ್‌ಸ್ಟರ್ ಹಂಗಾಮು ಶುರು. ಪ್ರತಿ ವರ್ಷ ದಕ್ಕೆಯ ಸಂಘದವರು ಹೊಸ ದೋಣಿಯಾಳುಗಳಿಗೆ ಎಚ್ಚರಿಕೆಯ ಒಂದು ಪುಸ್ತಿಕೆ ಹಂಚುತ್ತಾರೆ. ಹನ್ನೆರಡು ಪುಟ, ಬರೀ ಅಕ್ಷರ. ಅದನ್ನು ಯಾರೂ ಓದುವುದಿಲ್ಲ. ಹಿಂದಿನ ವರ್ಷದ್ದು ಸಂಘದ ಕೋಣೆಯಲ್ಲೇ ಅಲುಗಾಡುವ ಮೇಜಿನ ಕಾಲಡಿ ಇತ್ತು.

ಅದರ ಏಳನೆಯ ಪುಟ ಹಗ್ಗದ ವಿಷಯ. ಲಾಬ್‌ಸ್ಟರ್ ಹಿಡಿಯುವ ಬೋನು ನೀರಿಗೆ ಬಿದ್ದಾಗ ಹಿಂದೆಯೇ ಹಗ್ಗ ಓಡುತ್ತದೆ. ಓಡುವ ಹಗ್ಗದ ಸುತ್ತಿನೊಳಗೆ ಕಾಲಿದ್ದರೆ ಮನುಷ್ಯನೂ ಓಡುತ್ತಾನೆ. ಒಂಬತ್ತು ವರ್ಷದ ಹಿಂದೆ ಸೊಲಾಂಜಳ ತಮ್ಮ ರೆನೇ ಅಪ್ಪನ ದೋಣಿಯಿಂದ ನೀರಿಗೆ ಹೋಗಿದ್ದು ಹಾಗೆಯೇ. ಅಪ್ಪ ಹಗ್ಗ ಕೊಯ್ದು ಅವನನ್ನು ಮೇಲೆಳೆದಿದ್ದರು. ಅವನ ಬಲಗಾಲು ಆಮೇಲೆ ಪೂರ್ತಿ ಮಡಚಲಿಲ್ಲ. ಈಗ ರೆನೇ ಶಾಲೆಯ ಬಸ್ಸು ಓಡಿಸುತ್ತಾನೆ. ಆ ದಿನದ ಬಗ್ಗೆ ಅಪ್ಪ ಮನೆಯಲ್ಲಿ ಒಂದು ಮಾತನ್ನೂ ಆಡಿರಲಿಲ್ಲ.

ಏಳನೆಯ ಪುಟಕ್ಕೆ ಅವಳಿಗೆ ಬೇಕಿದ್ದದ್ದು ಇಬ್ಬರು: ಹಗ್ಗಕ್ಕೆ ಸಿಕ್ಕವನು ಒಬ್ಬ, ಚಾಕುವಿಗೆ ಕೈ ಚಾಚಿದವನು ಇನ್ನೊಬ್ಬ. ಮೊದಲನೆಯವನಿಗಾಗಿ ರೆನೇಯೇ ಬಂದು ಅಡುಗೆಮನೆಯಲ್ಲಿ ನಿಂತ, ಬಟ್ಟೆ ಒಣಹಾಕುವ ಹಗ್ಗವನ್ನು ಕಾಲಿಗೆ ಸುತ್ತಿಕೊಂಡು.

"ಕಾಲು ಸ್ವಲ್ಪ ಒಳಗೆ ತಗೋ," ಎಂದಳು ಸೊಲಾಂಜ್.

"ಹೋದ ಸಲ ಯಾರೂ ಹೀಗೆ ಹೇಳಿರ್ಲಿಲ್ಲ ಅಕ್ಕ."

"ಅಲ್ಲಾಡ್ಬೇಡ."

"ಮೂಗು ಚೆಂದ ಮಾಡು ಮಾರಾಯ್ತಿ. ಮುಳುಗೋ ಹೊತ್ತಲ್ಲಾದ್ರೂ ಚೆಂದ ಕಾಣ್ಲಿ."

ಎರಡನೆಯವನನ್ನು ಅವಳು ಮನಸ್ಸಿನಿಂದಲೇ ಬರೆದಳು. ಚಿತ್ರವನ್ನು ಕಿಟಕಿಗೆ ಹಿಡಿದಳು. ಎಷ್ಟೊಂದು ತಪ್ಪು! ತೆಳುಗಾಗದದ ಹಿಂಬದಿಯಲ್ಲೇ ತಿದ್ದತೊಡಗಿದಳು. ಎರಡು ದಿನದಲ್ಲಿ ಹಿಂಬದಿಯ ಚಿತ್ರ ಮುಂಬದಿಯದನ್ನು ಎಷ್ಟು ಮೀರಿತೆಂದರೆ, ಒಳ್ಳೆಯ ಕಾಗದಕ್ಕೆ ಅವಳು ಅದನ್ನೇ ಇಳಿಸಿದಳು. ಚಾಕು ಇನ್ನೂ ಬಾಕಿ ಇತ್ತು. ಫೋನಿನಲ್ಲಿ ರೆನೇಯನ್ನು ಕೇಳಿದಳು.

"ಚಾಕು ಯಾವ ಕಡೆ ಇರೋದು?"

"ಎಡಗಡೆ. ಮತ್ತೆಲ್ಲಿ?"

ಅವಳು ಎಡಗಡೆ ಬರೆದಳು.

ತರಗತಿಯ ಹತ್ತು ಜನ ಚಿತ್ರದ ಸುತ್ತ ಒತ್ತಿ ನಿಂತರು. ವರ್ನಾ ಕನ್ನಡಕ ಹುಡುಕಿ ಹಾಕಿಕೊಂಡು ಎರಡು ನಿಮಿಷ ನೋಡಿ, "ಆ ಹಗ್ಗ ನಂಗೆ ಭಯ ಹುಟ್ಟಿಸ್ತು. ಕೊಡಿ ಅವರಿಗೆ," ಎಂದರು.

ಬುಧವಾರ ಮಧ್ಯಾಹ್ನ ಸೊಲಾಂಜ್ ಚಿತ್ರವನ್ನು ದಕ್ಕೆಗೆ ಒಯ್ದಳು. ಪುಸ್ತಿಕೆ ಅಚ್ಚಿಗೆ ಹೋಗುವುದು ಶುಕ್ರವಾರ ಸಂಜೆ. ಸಂಘದ ಅಧ್ಯಕ್ಷ ಯುಲೀಸ್ ಒಪ್ಪಿದರೆ ಏಳನೆಯ ಪುಟಕ್ಕೆ ಚಿತ್ರ. ಇಲ್ಲವಾದರೆ ಹಳೆಯ ಅಕ್ಷರ, ಹೊಸ ದೋಣಿಯಾಳುಗಳು ಅದನ್ನು ಓದದೆಯೇ ಕಡಲಿಗೆ ಹೋಗುತ್ತಾರೆ. ಸಂಘದ ಕೋಣೆಯಲ್ಲಿ ನಾಲ್ಕು ಜನ ಹಗ್ಗ ಸುತ್ತುತ್ತ ಕೂತಿದ್ದರು. ಅಪ್ಪನೂ ಅಲ್ಲಿದ್ದರು. ಯುಲೀಸ್ ಕೈ ಒರೆಸಿಕೊಂಡು ಕಾಗದ ತೆಗೆದುಕೊಂಡ. ಅವನು ನೋಡಿದ್ದು ಉಸಿರು ಒಮ್ಮೆ ಒಳಗೆ ಹೋಗಿ ಹೊರಗೆ ಬರುವಷ್ಟು ಹೊತ್ತು, ಅಷ್ಟೇ.

"ಎಂಥದು ಮಾರಾಯ್ತಿ ಇದು, ಎಡಗೈಯ ದೋಣಿ?"

ಉಳಿದವರು ಎದ್ದು ಬಂದರು. ನಗು ಹರಡಿತು. ಬೋನು ಎಳೆಯುವ ಚಕ್ರ ಈ ಕರಾವಳಿಯ ದೋಣಿಗಳಲ್ಲಿ ಇರುವುದು ಬಲಬದಿಗೆ. ತಾಂಡೇಲ ನಿಲ್ಲುವುದು, ಬೋನು ಏರುವುದು, ಹಗ್ಗ ಓಡುವುದು ಎಲ್ಲವೂ ಬಲಕ್ಕೆ. ಹಿಂಬದಿಯಿಂದ ಇಳಿಸಿದ ಚಿತ್ರದಲ್ಲಿ ಎಲ್ಲವೂ ಎಡಕ್ಕಿತ್ತು.

"ಕನ್ನಡಿ ಒಳಗೆ ಮೀನು ಹಿಡೀಲಿಕ್ಕೆ ಹೋಗ್ತಾರೆ ಇವ್ರು," ಎಂದ ಒಬ್ಬ.

"ನಮ್ಮ ಆಲ್ಫೇಯ ಮಗಳು! ದೋಣಿಯಲ್ಲೇ ಹಲ್ಲು ಬಂದವಳು!"

ಸೊಲಾಂಜಳ ಮುಖ ಕೆಂಪಾಯಿತು. ಅವಳು ಚಿತ್ರವನ್ನು ಕಿತ್ತುಕೊಂಡು, ತಿರುಗಿಸಿ, ಕಿಟಕಿಯ ಗಾಜಿಗೆ ಒತ್ತಿದಳು. "ಈ ಕಡೆಯಿಂದ ನೋಡಿ. ತಿರುಗಿಸಿ ಅಚ್ಚು ಮಾಡಿದ್ರೆ ಆಯ್ತು."

ಚಕ್ರ ಬಲಕ್ಕೆ ಬಂತು. ಯುಲೀಸ್ ಹೌದೆಂಬಂತೆ ತಲೆಯಾಡಿಸಿದ. ಅಲ್ಲಿಯವರೆಗೂ ಕೂತೇ ಇದ್ದ ಅಪ್ಪ ಎದ್ದು ಬಂದು ಗಾಜಿನ ಮುಂದೆ ನಿಂತರು.

"ಈಗ ಚಾಕು ಬಲಕ್ಕೆ ಬಂತು," ಎಂದರು ಮೆಲ್ಲಗೆ. "ಓಡೋ ಹಗ್ಗದ ಆಚೆ. ಅದನ್ನ ತಗೊಳ್ಳೋಕೆ ಹೋದವನೂ ಹೋದ."

ಯಾವ ಬದಿಯಿಂದ ನೋಡಿದರೂ ಚಿತ್ರ ಸರಿಯಿರಲಿಲ್ಲ. ಯುಲೀಸ್ ಅದನ್ನು ಮಡಚದೆ, ಜೋಪಾನವಾಗಿ ಮೇಜಿನ ಮೇಲಿಟ್ಟ. "ಇದನ್ನ ಹಾಕೋದಕ್ಕಾಗಲ್ಲ ಸೊಲಾಂಜ್. ಶುಕ್ರವಾರ ಸಂಜೆ ತನಕ ಟೈಮ್ ಉಂಟು. ಆದ್ರೆ ನೋಡು."

ಗುರುವಾರ ಬೆಳಿಗ್ಗೆ ವರ್ನಾ ಎಲ್ಲವನ್ನೂ ಕೇಳಿ ಕುರ್ಚಿಯಲ್ಲಿ ಕೂತುಬಿಟ್ಟರು. "ಹನ್ನೊಂದು ಜನ ನೋಡಿದ್ವಿ," ಎಂದರು. "ನಾನೂ ಹಿಂದೆ ಒಂದು ಬಳ್ಳಿಯನ್ನ ಹೀಗೇ ಉಲ್ಟಾ ಹಬ್ಬಿಸಿದ್ದೆ. ಪುಸ್ತಕ ಅಚ್ಚಾಗಿ ಹನ್ನೆರಡು ವರ್ಷ ಆದ್ಮೇಲೆ ಒಬ್ಬ ಮಾಲಿ ಕಾಗದ ಬರೆದ. ನಿಮ್ಮವರು ಒಂದೇ ಉಸಿರಲ್ಲಿ ಹಿಡಿದ್ರಾ?"

"ಒಂದೇ ಉಸಿರಲ್ಲಿ."

"ಹಾಗಾದ್ರೆ ಇಲ್ಲಿ ಯಾಕೆ ನಿಂತಿದ್ದೀರಿ? ಅಲ್ಲಿಗೆ ಹೋಗಿ."

ಹೋಗುವ ಕೆಲಸ ಬೀಳಲಿಲ್ಲ. ಮಧ್ಯಾಹ್ನ ಸೊಲಾಂಜ್ ಮನೆಗೆ ಬಂದಾಗ ಅಡುಗೆಮನೆಯಲ್ಲಿ ಮೇಜು ಗೋಡೆಗೆ ಸರಿದಿತ್ತು. ನೆಲದ ಮೇಲೆ ಎರಡು ಹಳೆಯ ಬೋನು, ಒಂದು ಸುರುಳಿ ಹಗ್ಗ. ಎಡಗಡೆ, ಬಾಗಿಲ ಚೌಕಟ್ಟಿಗೆ ಕಟ್ಟಿದ ಮರದ ಒರೆಯಲ್ಲಿ ಬ್ರೆಡ್ ಕೊಯ್ಯುವ ಚಾಕು. ರೆನೇ ಹಗ್ಗದೊಳಗೆ ಕಾಲಿಟ್ಟು ಸ್ಟೂಲಿನ ಮೇಲೆ ಕೂತಿದ್ದ. ಅಪ್ಪ ಬೂಟು ಹಾಕಿಕೊಂಡು ಅಡುಗೆಮನೆಯ ನಡುವೆ ನಿಂತಿದ್ದರು.

"ನಿನ್ನ ಚಿತ್ರದ ಆ ಎರಡನೆಯವ," ಎಂದರು ಅಪ್ಪ, "ಅವನು ಚಾಕು ನೋಡ್ತಿದ್ದಾನೆ."

"ತಗೊಳ್ಬೇಕಲ್ಲಪ್ಪ, ನೋಡ್ದೆ ಹೇಗೆ?"

"ನೋಡಿದ್ರೆ ಮುಗೀತು. ನೀನು ಚಾಕು ನೋಡಿ ತಿರುಗೋ ಹೊತ್ತಿಗೆ ಮನುಷ್ಯ ಇರೋದಿಲ್ಲ. ಬರಿ. ನಾನು ತೋರಿಸ್ತೇನೆ."

ಅವರು ಬಲಗಾಲಿನ ಹಿಮ್ಮಡಿಯ ಮೇಲೆ ಭಾರ ಹಾಕಿದರು. ಕಣ್ಣು ರೆನೇಯ ಪಾದದ ಮೇಲೆ ನಿಂತಿತು. ಎಡಗೈ ಹಿಂದಕ್ಕೆ, ತಾನಾಗಿಯೇ, ಯಾರನ್ನೂ ಕೇಳದೆ ಹೋಯಿತು. ಬೆರಳು ಚಾಕುವಿನ ಹಿಡಿಯನ್ನು ಸುತ್ತಿಕೊಂಡವು. ಅಪ್ಪ ಅತ್ತ ತಿರುಗಿಯೂ ನೋಡಲಿಲ್ಲ.

ಸೊಲಾಂಜ್ ಪೆನ್ಸಿಲು ಹಿಡಿದು ಸುಮ್ಮನೆ ನಿಂತಳು. ಕಾಗದ ನೋಡಬೇಡಿ ಎಂದು ವರ್ನಾ ಹೇಳಿದ ಮಾತು, ಅಡುಗೆಮನೆಯ ನಡುವೆ, ಅಪ್ಪನ ದೇಹವಾಗಿ ನಿಂತಿತ್ತು. ಶಾಲೆಗೆ ಹೋಗದೆ, ಪೆನ್ಸಿಲು ಹಿಡಿಯದೆ, ಇದನ್ನು ಈ ಮನುಷ್ಯ ಎಂದೋ ಕಲಿತಿದ್ದರು. ಒಂಬತ್ತು ವರ್ಷ ಹೇಳದ ದಿನವನ್ನು ಅವರು ಈಗಲೂ ಹೇಳಲಿಲ್ಲ, ಮಾಡಿ ತೋರಿಸುತ್ತಿದ್ದರು.

"ಬರೀತೀಯೋ, ಇಲ್ಲಾ ನಾನು ಇಲ್ಲೇ ಬೇರು ಬಿಡ್ಬೇಕೋ?"

ಅವಳು ಬರೆದಳು. ಕಾಗದದ ಕಡೆಗೆ ನೋಡಿದ್ದು ಕಡಿಮೆ. ಅಪ್ಪ ನಲವತ್ತು ನಿಮಿಷ ಅಲ್ಲಾಡಲಿಲ್ಲ. ಮಧ್ಯೆ ಒಮ್ಮೆ ರೆನೇ, "ಅಪ್ಪ, ಆವತ್ತೂ ಇಷ್ಟೇ ಹೊತ್ತು ತಗೊಂಡಿದ್ರೆ ನನ್ನ ಗತಿ?" ಎಂದ. ಅಪ್ಪನ ತುಟಿಯ ಒಂದು ಮೂಲೆ ಮಾತ್ರ ಏರಿತು. ಆ ಮೂಲೆಯನ್ನು ಸೊಲಾಂಜ್ ಚಿತ್ರಕ್ಕೆ ತರಲಿಲ್ಲ.

ಶುಕ್ರವಾರ ಬೆಳಿಗ್ಗೆ ಒಳ್ಳೆಯ ಕಾಗದದ ಮೇಲಿನ ಚಿತ್ರ ಮುಗಿಯಿತು. ಅವಳು ಅದನ್ನು ಕಿಟಕಿಗೆ ಹಿಡಿಯುವ ಮೊದಲೇ ಅಪ್ಪ ಕೈ ಚಾಚಿದರು. ಕಾಗದವನ್ನು ತಾವೇ ತಿರುಗಿಸಿ ಗಾಜಿಗೆ ಒತ್ತಿದರು. ಅಂಚಿನಿಂದ ಅಂಚಿಗೆ, ಹವಾಮಾನ ನೋಡುವವರ ಹಾಗೆ ನೋಡಿದರು. ಹೊರಗೆ ದಕ್ಕೆಯಲ್ಲಿ ದೋಣಿಗಳ ಮೇಲೆ ಬೋನು ಪೇರಿಸುತ್ತಿದ್ದರು.

"ಚಕ್ರ ತಪ್ಪು," ಎಂದರು. "ಹಗ್ಗ ತಪ್ಪು. ಚಾಕು ತಪ್ಪು. ನಾನೂ ತಪ್ಪು."

ಸೊಲಾಂಜ್ ಪೆನ್ಸಿಲಿಗೆ ಕೈ ಹಾಕಿದಳು.

"ಎಲ್ಲಾ ತಪ್ಪುಂಟು," ಎಂದು ಅಪ್ಪ ಕಾಗದವನ್ನು ಈಚೆಗೆ ತಿರುಗಿಸಿ ಅವಳ ಕೈಗಿತ್ತರು. "ಹಾಗಾದ್ರೆ ಸರಿ ಉಂಟು. ತಗೊಂಡು ಹೋಗಿ ಕೊಡು."