ಬ್ಯಾಂಕಾಕಿನಲ್ಲಿ ಹತ್ತು ಹೆಜ್ಜೆ

ಚೌಕಾಸಿ ಮಾಡುವುದನ್ನು ನನಗೆ ಕಲಿಸಿದ್ದು ಅಮ್ಮ. ಹೊಸ ತಿಪ್ಪಸಂದ್ರದ ನಮ್ಮ ಮನೆಯಲ್ಲಿ ಕೂತು ಸೀರೆಗೆ ಫಾಲ್ಸ್ ಹಾಕುವುದು, ಸೆರಗಿಗೆ ಕುಚ್ಚು ಕಟ್ಟುವುದು ಅವಳ ಕೆಲಸ. ದಾರ, ಲೇಸು, ಮಣಿ ತರಲು ತಿಂಗಳಿಗೆರಡು ಸಲ ಶಿವಾಜಿನಗರಕ್ಕೆ ಹೋಗುವಾಗ ಚಿಕ್ಕಂದಿನಲ್ಲಿ ನನ್ನನ್ನೂ ಎಳೆದುಕೊಂಡು ಹೋಗುತ್ತಿದ್ದಳು. ಅವಳ ಪದ್ಧತಿ ಸರಳ. ಇಷ್ಟವಾದದ್ದನ್ನು ಇಷ್ಟವಾಯಿತೆಂದು ತೋರಿಸಬಾರದು. ಹೇಳಿದ ಬೆಲೆಯ ಅರ್ಧಕ್ಕೆ ಕೇಳಬೇಕು. ಆಗಲ್ಲ ಅಂದರೆ ವಸ್ತುವನ್ನು ಅಲ್ಲೇ ಇಟ್ಟು, ತಿರುಗಿ ನೋಡದೆ ನಡೆಯಬೇಕು. ಹತ್ತು ಹೆಜ್ಜೆಯೊಳಗೆ ಅಂಗಡಿಯವನು "ಬಾಮ್ಮಾ, ತಗೊಂಡ್ಹೋಗು" ಎಂದು ಕರೆಯುತ್ತಾನೆ. ಕರೆಯುತ್ತಲೂ ಇದ್ದರು. ಏಳನೇ ಹೆಜ್ಜೆಗೇ ಕರೆದ ದಿನ ಅಮ್ಮನ ಮುಖ ನೋಡಬೇಕಿತ್ತು!

ಈ ಒಂದೇ ವಿದ್ಯೆಯನ್ನು ನಂಬಿಕೊಂಡು ನಾನು ಇಪ್ಪತ್ತಮೂರನೇ ವಯಸ್ಸಿನಲ್ಲಿ ಬ್ಯಾಂಕಾಕಿಗೆ ಹೋದೆ. ಜೊತೆಗೆ ನನ್ನ ಗೆಳತಿ. ಇಬ್ಬರೂ ಇಂದಿರಾನಗರದ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ಫೋನು ಎತ್ತಿ ಅಪಾಯಿಂಟ್‌ಮೆಂಟ್ ಬರೆದುಕೊಳ್ಳುವವರು. ಅವಳು ಶಿವಾಜಿನಗರದಲ್ಲೇ ಹುಟ್ಟಿ ಬೆಳೆದವಳು. ಮನೆಯಲ್ಲಿ ತಮಿಳು, ಬೀದಿಯಲ್ಲಿ ದಖನಿ, ನನ್ನ ಜೊತೆ ಕನ್ನಡ. ಮೂರು ಭಾಷೆಯಲ್ಲೂ ಜಗಳ ಆಡಬಲ್ಲಳು. ಅಗ್ಗದ ಟಿಕೆಟ್ಟು, ಒಂದೇ ಕೋಣೆಯಲ್ಲಿ ಎಂಟು ಮಂಚವಿದ್ದ ಹಾಸ್ಟೆಲ್ಲು, ತಲಾ ಏಳು ಕೆಜಿಯ ಒಂದೊಂದು ಬ್ಯಾಗು. ಇಬ್ಬರ ಮನೆಯಲ್ಲೂ ವಿಮಾನ ಹತ್ತಿದ ಮೊದಲ ಹುಡುಗಿಯರು ನಾವೇ.

ಹೊರಡುವ ಹಿಂದಿನ ದಿನ ಅಮ್ಮ ಅಡುಗೆಮನೆಗೆ ಕರೆದು, ದನಿ ತಗ್ಗಿಸಿ ಹೇಳಿದಳು: "ಅಲ್ಲಿ ಬುದ್ಧನ ಮೂರ್ತಿ ಚೆನ್ನಾಗಿರೋದು ಸಿಗತ್ತಂತೆ. ಅಗ್ಗಾನೂ ಅಂತೆ. ಒಂದು ತಗೊಂಡ್ಬಾ. ಅಂಗೈಯಷ್ಟಿದ್ರೆ ಸಾಕು. ಅಪ್ಪನಿಗೆ ನಾನು ಕೇಳ್ದೆ ಅಂತ ಹೇಳ್ಬೇಡ."

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾವು ಬೌದ್ಧರು. ಹಲಸೂರಿನಲ್ಲಿದ್ದ ತಾತನ ಕಾಲದಲ್ಲೇ ಬೌದ್ಧರಾದದ್ದು. ನಮ್ಮ ಮನೆಯ ಗೋಡೆಯಲ್ಲಿ ನೀಲಿ ಕೋಟು ತೊಟ್ಟವರ ದೊಡ್ಡ ಪಟ, ಅದರ ಪಕ್ಕದಲ್ಲಿ ಕ್ಯಾಲೆಂಡರಿನಿಂದ ಕತ್ತರಿಸಿ ಕಟ್ಟು ಹಾಕಿಸಿದ ಬುದ್ಧ. ದೊಡ್ಡನೆಕ್ಕುಂದಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿರುವ ಅಪ್ಪನಿಗೆ ಈ ವಿಷಯದಲ್ಲಿ ಎಲ್ಲವೂ ಸ್ಪಷ್ಟ. "ಬುದ್ಧ ದೇವರಲ್ಲ. ಗುರು. ಗುರುವಿಗೆ ಊದುಬತ್ತಿ ಬೇಡ, ಅವನು ಹೇಳಿದ್ದು ಕೇಳಿದ್ರೆ ಸಾಕು" ಎನ್ನುತ್ತಾನೆ. ಅಮ್ಮ ಕೆ.ಆರ್. ಪುರದ ಕಡೆಯವಳು, ದಿನಾ ದೀಪ ಹಚ್ಚುವ ಮನೆಯಿಂದ ಮದುವೆಯಾಗಿ ಬಂದವಳು. ಅಪ್ಪ ಬೆಳಿಗ್ಗೆ ಕೆಲಸಕ್ಕೆ ಹೊರಟು ಗೇಟು ಮುಚ್ಚಿದ ಸದ್ದಾದ ಮೇಲೆ, ಒಂದೇ ಒಂದು ಊದುಬತ್ತಿ ಹಚ್ಚಿ ಕ್ಯಾಲೆಂಡರಿನ ಬುದ್ಧನಿಗೆ ತೋರಿಸಿ, ಕಿಟಕಿ ತೆರೆದು ವಾಸನೆ ಹೊರಗೆ ಬಿಡುತ್ತಾಳೆ. ನಾನು ಈ ಇಬ್ಬರ ನಡುವೆ ಬೆಳೆದವಳು. ಬುದ್ಧ ದೇವರೋ ಅಲ್ಲವೋ ಎಂದು ಯಾರಾದರೂ ಕೇಳಿದರೆ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಅಮ್ಮ ತನಗಾಗಿ ಏನನ್ನಾದರೂ ಕೇಳಿದ್ದು ನನ್ನ ನೆನಪಿನಲ್ಲಿ ಅದೇ ಮೊದಲು. ಅದನ್ನು ತರದೆ ವಾಪಸ್ ಬರಬಾರದು ಎಂದು ಗಟ್ಟಿ ಮಾಡಿಕೊಂಡಿದ್ದೆ.

ಬ್ಯಾಂಕಾಕ್ ನನ್ನ ತಲೆ ಕೆಡಿಸಿತು. ರೈಲಿನಲ್ಲಿ ಎರಡು ಸಲ ಉಲ್ಟಾ ದಿಕ್ಕಿಗೆ ಹೋದೆವು. ಅನ್ನ ಎಂದುಕೊಂಡು ಕೊಂಡದ್ದು ಸಿಹಿಯಾಗಿತ್ತು, ಸಿಹಿ ಎಂದುಕೊಂಡದ್ದರಲ್ಲಿ ಒಣಮೀನು ಇತ್ತು. ವಾರಾಂತ್ಯದಲ್ಲಿ ಮಾತ್ರ ನಡೆಯುವ ದೊಡ್ಡ ಸಂತೆಗೆ ಭಾನುವಾರ ಹೋದರೆ ಗಲ್ಲಿಯ ಮೇಲೆ ಗಲ್ಲಿ. ಎಲ್ಲ ಗಲ್ಲಿಗೂ ನಂಬರು, ಎಲ್ಲ ಅಂಗಡಿಯಲ್ಲೂ ಅದೇ ಆನೆ ಚಿತ್ರದ ಪ್ಯಾಂಟು. ಯಾರೂ ಕೂಗುವುದಿಲ್ಲ. ಬೆಲೆ ಕೇಳಿದರೆ ಕ್ಯಾಲ್ಕುಲೇಟರಿನಲ್ಲಿ ಒತ್ತಿ ತೋರಿಸಿ ನಗುತ್ತಾರೆ. ನಾವೂ ಅರ್ಧ ಒತ್ತಿ ನಗುತ್ತಿದ್ದೆವು. ಪ್ಯಾಂಟು ಮಾರುವವಳು ಬೆಲೆ ಸ್ವಲ್ಪ ಇಳಿಸಿದಳು, ಚೀಲದವನು ಇಳಿಸಿದ. "ನೋಡ್ದ್ಯಾ ಮಗಾ, ಎಲ್ಲಾ ಕಡೆ ನಮ್ ಶಿವಾಜಿನಗರಾನೇ" ಎಂದು ಗೆಳತಿ ಬೀಗಿದಳು. ನಾನೂ ನಂಬಿದೆ.

ಸಂಜೆಯ ಹೊತ್ತಿಗೆ ಒಂದು ಮೂಲೆಯಲ್ಲಿ ಅದು ಕಣ್ಣಿಗೆ ಬಿತ್ತು. ಅಮ್ಮನ ವಯಸ್ಸಿನ ಹೆಂಗಸಿನ ಸಣ್ಣ ಅಂಗಡಿ. ಹಣೆಯೆತ್ತರದ ಹಲಗೆಯ ಮೇಲೆ ನಾಲ್ಕೈದು ಬುದ್ಧರು. ಅದರಲ್ಲೊಬ್ಬ ಅಂಗೈಯಷ್ಟಿದ್ದ, ಬಲಗೈಯನ್ನು ಮಂಡಿಯ ಮೇಲಿಂದ ನೆಲಕ್ಕೆ ಇಳಿಬಿಟ್ಟು ಕೂತಿದ್ದ. ಅಮ್ಮನಿಗೆ ತಕ್ಕವನು ಇವನೇ ಎನ್ನಿಸಿತು. ಇಷ್ಟವಾಯಿತೆಂದು ತೋರಿಸಬಾರದಲ್ಲ, ಆಕಳಿಸಿದೆ. ಹೆಂಗಸು ಎರಡೂ ಕೈಯಲ್ಲಿ ಮೂರ್ತಿಯನ್ನು ಇಳಿಸಿ ಕೊಟ್ಟಳು. ನಾನು ಒಂದೇ ಕೈಯಲ್ಲಿ ಹಿಡಿದು, ತಲೆಕೆಳಗು ಮಾಡಿ ಅಡಿಭಾಗ ನೋಡಿದೆ, ಉಗುರಿನಿಂದ ತಟ್ಟಿದೆ. ಅವಳು ಬೆಲೆ ಒತ್ತಿದಳು. ನಾನು ಅರ್ಧ ಒತ್ತಿದೆ.

ಅವಳು ನಗಲಿಲ್ಲ. ಸಿಟ್ಟೂ ಆಗಲಿಲ್ಲ. ಮತ್ತೆ ಅದೇ ಬೆಲೆ ಒತ್ತಿದಳು. ನಾನು ಸ್ವಲ್ಪ ಏರಿಸಿದೆ. ಮತ್ತೆ ಅದೇ ಬೆಲೆ. ಅವಳು ಕೇಳಿದಷ್ಟು ದುಡ್ಡು ನನ್ನ ಹತ್ತಿರ ಇತ್ತು, ಅದೂ ಹೆಚ್ಚೇನಲ್ಲ. ಆದರೆ ಕೇಳಿದಷ್ಟೂ ಕೊಡುವುದು ಅಮ್ಮನ ಮಗಳಿಗೆ ಅವಮಾನ.

"ನಡಿ, ಕರೀತಾಳೆ" ಎಂದಳು ಗೆಳತಿ.

ಬುದ್ಧನನ್ನು ಆನೆ ಪ್ಯಾಂಟಿನ ರಾಶಿಯ ಮೇಲೆ ಇಟ್ಟು ನಡೆದೆವು. ಒಂದು, ಎರಡು, ಮೂರು. ಏಳಕ್ಕೂ ಕರೆಯಲಿಲ್ಲ. ಹತ್ತನೇ ಹೆಜ್ಜೆಗೆ ನಿಯಮ ಮುರಿದು ತಿರುಗಿ ನೋಡಿದೆ. ಅವಳು ನಮ್ಮ ಕಡೆ ನೋಡುತ್ತಲೇ ಇರಲಿಲ್ಲ. ಮೂರ್ತಿಯನ್ನು ಎತ್ತಿ, ಬಟ್ಟೆಯಿಂದ ಒರೆಸಿ, ಹಣೆಗೆ ಮುಟ್ಟಿಸಿಕೊಂಡು, ಮತ್ತೆ ಹಲಗೆಯ ಮೇಲೆ ಇಡುತ್ತಿದ್ದಳು. ನಾನು ಮಾಡಿದ್ದಕ್ಕೆ ಅವನಲ್ಲಿ ಅವಳು ಕ್ಷಮೆ ಕೇಳುತ್ತಿರುವ ಹಾಗಿತ್ತು.

"ಯಾಕೆ ಕರೀಲಿಲ್ಲ?" ಎಂದೆ.

"ಬೇರೆ ಕಡೆ ಸಿಗತ್ತೆ ಬಿಡು" ಎಂದಳು ಗೆಳತಿ. ಆದರೆ ಅವಳ ದನಿಯೂ ಇಳಿದಿತ್ತು.

ಮೂರು ಗಲ್ಲಿ ದಾಟುವಷ್ಟರಲ್ಲಿ ನನಗೆ ತಡೆಯಲಾಗಲಿಲ್ಲ. ಕೇಳಿದಷ್ಟು ಕೊಟ್ಟು ತಂದುಬಿಡೋಣ ಎಂದು ತಿರುಗಿದೆ. ಆ ಗಲ್ಲಿ ಎಲ್ಲಿ? ನಂಬರು ನೋಡಿಕೊಂಡಿರಲಿಲ್ಲ. ಎಡಕ್ಕೆ ತಿರುಗಿದರೆ ಪಿಂಗಾಣಿ, ಬಲಕ್ಕೆ ತಿರುಗಿದರೆ ನಾಯಿಮರಿ ಮಾರುವವರು. ಆನೆ ಪ್ಯಾಂಟು ಗುರುತು ಎನ್ನಲು ಅದು ಇಲ್ಲದ ಅಂಗಡಿಯೇ ಇರಲಿಲ್ಲ. ಯಾರನ್ನು ಕೇಳಿದರೂ ಒಬ್ಬೊಬ್ಬರು ಒಂದೊಂದು ಕಡೆ ಕೈ ತೋರಿಸಿದರು. ಕಡೆಗೆ ಸಿಕ್ಕಿತು. ಷಟರ್ ಎಳೆದಿತ್ತು. ಇನ್ನು ತೆರೆಯುವುದು ಶನಿವಾರ. ನಮ್ಮ ವಿಮಾನ ಮರುದಿನ ಬೆಳಿಗ್ಗೆ.

ಷಟರಿನ ಮುಂದೆ ನಿಂತು ಅತ್ತುಬಿಟ್ಟೆ. ಗೆಳತಿಗೆ ಏನು ಮಾಡಬೇಕೋ ತಿಳಿಯದೆ ರೇಗಿತು.

"ನೀನೇ ತಾನೇ ಹೇಳಿದ್ದು, ನಿಮ್ಮನೇಲಿ ಬುದ್ಧ ದೇವರಲ್ಲ ಅಂತ? ದೇವರಲ್ಲ ಅಂದ್ಮೇಲೆ ಚೌಕಾಸಿ ಮಾಡಿದ್ರೆ ತಪ್ಪೇನು?"

"ನಂಗೇನ್ ಗೊತ್ತು!" ಎಂದು ಕಿರುಚಿದೆ. ನಿಜವಾಗಿಯೂ ಗೊತ್ತಿರಲಿಲ್ಲ. ಅಪ್ಪನ ಲೆಕ್ಕದಲ್ಲಿ ನಾನು ತಪ್ಪು ಮಾಡಿರಲಿಲ್ಲ. ಅಮ್ಮನ ಲೆಕ್ಕದಲ್ಲಿ ಮಾಡಿದ್ದೆ. ಆದರೆ ಹತ್ತು ಹೆಜ್ಜೆ ಕಲಿಸಿದ್ದೂ ಅಮ್ಮನೇ. ನಾನು ಯಾರ ಮಾತು ಕೇಳಿ ಕೆಟ್ಟೆ ಎನ್ನುವುದೇ ತಿಳಿಯಲಿಲ್ಲ.

ಸೋಮವಾರ ಮಧ್ಯಾಹ್ನ ಬೆಂಗಳೂರಿನಲ್ಲಿ ಇಳಿದು, ಗೆಳತಿಯ ಜೊತೆ ಬಸ್ಸಿನಲ್ಲಿ ಶಿವಾಜಿನಗರದವರೆಗೆ ಬಂದೆ. ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಮೇಲೆ ಅವಳೇ ನನ್ನ ಕೈ ಹಿಡಿದು, ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಗೊಂಬೆ, ಮೂರ್ತಿ, ಗಡಿಯಾರ ಮಾರುವ ಅಂಗಡಿಗೆ ಕರೆದುಕೊಂಡು ಹೋದಳು. ಅಲ್ಲೊಬ್ಬ ಬುದ್ಧ ಇದ್ದ. ಅಂಗೈಯಷ್ಟೇ. ಅಚ್ಚಿನಲ್ಲಿ ಎರಕ ಹೊಯ್ದು ಚಿನ್ನದ ಬಣ್ಣ ಬಳಿದದ್ದು, ಬೆನ್ನಿನಲ್ಲಿ ಒಂದಿಷ್ಟು ಬಣ್ಣ ಎದ್ದುಹೋಗಿತ್ತು. ಅಂಗಡಿಯವನು ಬೆಲೆ ಹೇಳಿದ. ಗೆಳತಿ ಅಭ್ಯಾಸಬಲದಿಂದ "ಅಯ್ಯೋ ಭಾಯ್" ಎಂದು ಶುರುಮಾಡಿದಳು. ಅವಳ ಕೈ ಅದುಮಿ ಸುಮ್ಮನಾಗಿಸಿದೆ. ಹೇಳಿದಷ್ಟನ್ನು ಕೊಟ್ಟು, ಎರಡೂ ಕೈಯಲ್ಲಿ ತೆಗೆದುಕೊಂಡೆ. ಅಂಗಡಿಯವನೇ ಗಾಬರಿಯಾದ. "ಏನಮ್ಮಾ, ಸುಮ್ನೆ ಕೊಟ್ಬಿಟ್ರಿ?" ಎಂದು ಎರಡು ಸಲ ಕೇಳಿದ.

ಮನೆಯಲ್ಲಿ ಬ್ಯಾಗು ಬಿಚ್ಚುವಾಗ ಅಪ್ಪನೂ ಕೆಲಸದಿಂದ ಬಂದಿದ್ದ. ಮೂರ್ತಿಯನ್ನು ಮೇಜಿನ ಮೇಲಿಟ್ಟೆ. ಅಮ್ಮ ಅದನ್ನು ಎತ್ತಿಕೊಂಡು, ಒಂದು ಸುತ್ತು ತಿರುಗಿಸಿ ನೋಡಿ, ಪಟದ ಕೆಳಗಿನ ಹಲಗೆಯ ಮೇಲೆ ಇಟ್ಟಳು.

"ಬ್ಯಾಂಕಾಕಿಂದು" ಎಂದೆ. ಅಪ್ಪ ಹತ್ತಿರ ಬಂದು ನೋಡಿದ.

"ಅಲ್ಲಿ ಜನ ಊದುಬತ್ತಿ ಹಚ್ತಾರಾ?"

"ಹಚ್ತಾರಪ್ಪ. ಹಣೆಗೆ ಮುಟ್ಟಿಸ್ಕೋತಾರೆ." ಅದಂತೂ ನಿಜ.

"ಅವರು ನಮಗಿಂತ ಹಳೇ ಬೌದ್ಧರು" ಎಂದ ಅಪ್ಪ, ತನಗೇ ಹೇಳಿಕೊಂಡ ಹಾಗೆ. ಆಮೇಲೆ ಅಮ್ಮನ ಕಡೆ ತಿರುಗಿ, "ಹಚ್ಚೋದಿದ್ರೆ ಹಚ್ಚು. ಗಾಳಿಗೆ ಕಡ್ಡಿ ಆರಿಹೋಗತ್ತೆ, ತಾಳು" ಎಂದು ಹೋಗಿ ಫ್ಯಾನು ಆರಿಸಿದ.

ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಅಮ್ಮ ಅವನ ಎದುರಿಗೆ ಮೊದಲ ಸಲ ಊದುಬತ್ತಿ ಹಚ್ಚಿದಳು. ಎರಡು ಬೆಂಕಿಕಡ್ಡಿ ದಂಡವಾಗಿ ಮೂರನೆಯದಕ್ಕೆ ಹತ್ತಿಕೊಂಡಿತು. ನನಗೆ ಖುಷಿಯಾಯಿತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಅಪ್ಪನಂಥ ಅಪ್ಪ ಫ್ಯಾನು ಆರಿಸಿದ್ದು ನನ್ನ ಸುಳ್ಳಿಗೆ.

ಮರುದಿನ ಅಪ್ಪ ಹೊರಟ ಮೇಲೆ ಅಮ್ಮ ಯಾರದೋ ಸೀರೆಗೆ ಕುಚ್ಚು ಕಟ್ಟುತ್ತಾ ಕೂತಿದ್ದಳು. ಎದುರಿಗೆ ಕೂತು ಹೇಳಿಬಿಟ್ಟೆ.

"ಅಮ್ಮಾ, ಅದು ಅಲ್ಲೀದಲ್ಲ."

"ಗೊತ್ತು" ಎಂದಳು, ತಲೆ ಎತ್ತದೆ. "ಬೆನ್ನಲ್ಲಿ ಬಣ್ಣ ಹೋಗಿದೆ. ಮಾರ್ಕೆಟ್ ಹಿಂದಿನ ಗಡಿಯಾರದ ಅಂಗಡೀದು. ಯುಗಾದಿಗೆ ಮುಂಚೆ ನಾನೂ ಕೈಗೆತ್ಕೊಂಡು ನೋಡಿದ್ದೆ. ಎಷ್ಟಕ್ಕೆ ಬಿಟ್ಟ?"

"ಹೇಳಿದಷ್ಟಕ್ಕೇ."

ಸೂಜಿ ನಿಂತಿತು. ಬೈಯುತ್ತಾಳೆ ಎಂದು ಕಾದೆ.

"ಒಳ್ಳೇದ್ ಮಾಡ್ದೆ" ಎಂದಳು. "ಅವತ್ತು ನಾನು ಹತ್ತು ಹೆಜ್ಜೆ ಅಲ್ಲ ಕಣೇ, ಬಸ್‌ಸ್ಟ್ಯಾಂಡ್‌ವರೆಗೂ ನಡೆದೆ. ಕರೀಲೇ ಇಲ್ಲ ಅವ್ನು."