ಸಂಚಿಯಲ್ಲಿ ಹಿಡಿಸುವ ಪಿಸ್ತೂಲು

ಯಜಮಾನರು ತೀರಿಕೊಂಡ ಮೇಲೆ ಚನ್ನಗಿರಿಯ ನಮ್ಮ ಅಡಿಕೆ ಖರೀದಿಯನ್ನು ನಾನೇ ನಡೆಸುತ್ತಿದ್ದೇನೆ. ನಗದು ಇಟ್ಟುಕೊಂಡು ಊರೂರು ಸುತ್ತುವ ಕೆಲಸ. ಜಗಳೂರು ದಾರಿಯಲ್ಲಿ ಒಮ್ಮೆ ಎರಡು ಬೈಕುಗಳು ಕಾರಿನ ಹಿಂದೆ ಬಿದ್ದವು. ಅಂದಿನಿಂದ ಅತ್ತೆಯದು ಒಂದೇ ಹಟ, ಕೈಗೊಂದು ಪಿಸ್ತೂಲು ಬರುವವರೆಗೆ ನಾನು ಹೊಸಿಲು ದಾಟಕೂಡದು. ಲೈಸೆನ್ಸಿಗೆ ಕಾಯುತ್ತಾ ಮನೆಯಲ್ಲಿ ಕೂತು ಕೂತು ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ನನಗೆ ಆ ಸುತ್ತಾಟವೇ ಜೀವ.

ಲೈಸೆನ್ಸ್ ಬಂದ ಕೂಡಲೇ ಇಬ್ಬರೂ ದಾವಣಗೆರೆಯ ಅಂಗಡಿಗೆ ಹೋದೆವು. ಅಂಗಡಿಯವರು ಮೊದಲು ತೋರಿಸಿದ್ದು ಚಪ್ಪಟೆಯ, ಚಂದದ ಪಿಸ್ತೂಲು. ಅದರ ಮೇಲ್ಭಾಗವನ್ನು ಹಿಂದಕ್ಕೆ ಎಳೆದು ಬಿಟ್ಟರಷ್ಟೇ ಗುಂಡು ಏರುತ್ತದಂತೆ. ಮದುವೆಯಾದ ಹೊಸದರಲ್ಲಿ ರಾಶಿ ರಾಶಿ ಅಡಿಕೆ ಸುಲಿದು ಸೋತ ಹೆಬ್ಬೆರಳು ನನ್ನದು. ಹಲ್ಲು ಕಚ್ಚಿ ಎಳೆದೆ. ಜಪ್ಪಯ್ಯ ಅಂದರೂ ಅಲುಗಲಿಲ್ಲ.

"ಹಿಂಗಾದ್ರೆ ಕಳ್ಳನ್ನೇ ಕರೆದು, ಇದನ್ನೊಂಚೂರು ಎಳೆದುಕೊಡಪ್ಪ ಅನ್ನಬೇಕಾಗ್ತೈತೆ," ಎಂದರು ಅತ್ತೆ.

ಅಂಗಡಿಯವರು ನಗುತ್ತಾ ಒಂದು ಪುಟ್ಟ ರಿವಾಲ್ವರ್ ತಂದಿಟ್ಟರು. "ಇದ್ರಾಗೆ ಎಳೆಯೋದು ಏನೂ ಇಲ್ರೀ ಅಮ್ಮ. ಟ್ರಿಗರ್ ಒತ್ತಿದ್ರೆ ಆತು."

ಖಾಲಿ ರಿವಾಲ್ವರನ್ನು ಗೋಡೆಯ ಕಡೆ ಹಿಡಿದು ಒತ್ತಿದೆ. ಬೆರಳು ನೋಯಲಿಲ್ಲ. ಒಳಗೊಳಗೇ ಕುಣಿಯುವಂತಾಯಿತು.

ಆದರೆ ಸೀರೆ ಉಟ್ಟವಳು ಅದನ್ನು ಎಲ್ಲಿ ಬಚ್ಚಿಡಬೇಕು? ಅತ್ತೆ ಸೊಂಟದ ಸಂಚಿ ಬಿಚ್ಚಿ, ಎಲೆ, ಅಡಿಕೆ, ಸುಣ್ಣದ ಡಬ್ಬಿಯನ್ನೆಲ್ಲ ಅಂಗಡಿಯ ಗಾಜಿನ ಮೇಜಿನ ಮೇಲೆ ಸುರಿದು, ರಿವಾಲ್ವರನ್ನು ಅದರೊಳಗೆ ತೂರಿಸಿದರು. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು.

"ಇದೇ ಇರ್ಲಿ. ಹೆಂಗಸ್ರ ಸಂಚಿಗೆ ಯಾರು ಕೈ ಹಾಕ್ತಾರೆ?"

ನನಗೂ ಅಂಥದೇ ಸಂಚಿ ಹೊಲಿದುಕೊಟ್ಟರು. ನಾನು ಗುಂಡು ಹಾರಿಸುವುದನ್ನು ಕಲಿತು ಬಂದೆ.

ಮೊದಲ ದಿನವೇ ಎಡವಟ್ಟು. ನಲ್ಲೂರಿನ ಒಂದು ಮನೆಯಲ್ಲಿ ಒಳ್ಳೆಯ ಮಾಲು ಸಿಕ್ಕಿತು, ವ್ಯಾಪಾರ ಕುದುರಿತು. ನಮ್ಮಲ್ಲಿ ಕೊಳ್ಳುವವರು ತಮ್ಮ ಸಂಚಿಯಿಂದ ಎಲೆ ಅಡಿಕೆ ಕೊಟ್ಟರೇ ಮಾತು ಗಟ್ಟಿ. ಆ ಮನೆಯ ಅಜ್ಜಿ ನನ್ನ ಸಂಚಿಯನ್ನೇ ನೋಡುತ್ತಾ ಕೈ ಚಾಚಿದರು. ಅದನ್ನು ಅವರೆದುರು ಬಿಚ್ಚುವುದು ಹೇಗೆ?

"ಇವತ್ತು ತಂದಿಲ್ಲ ಅಜ್ಜಿ," ಎಂದೆ.

ಅಡಿಕೆ ವ್ಯಾಪಾರದವಳ ಉಬ್ಬಿದ ಸಂಚಿಯಲ್ಲಿ ಅಡಿಕೆ ಇಲ್ಲ ಎಂದರೆ ಯಾರು ನಂಬುತ್ತಾರೆ? ಅಜ್ಜಿ ಮುಖ ಗಂಟಿಕ್ಕಿಕೊಂಡರು. "ಕೊಡಾಕೆ ಮನಸ್ಸಿಲ್ದಿದ್ರೆ ಬಿಡವ್ವ. ನಾಳೆ ನೋಡಾಣ," ಎಂದು ಎದ್ದು ಒಳಗೆ ಹೋದರು.

ಬರಿಗೈಯಲ್ಲಿ ಮನೆಗೆ ಬಂದೆ. ಪಿಸ್ತೂಲಿಲ್ಲದೆ ಹೊಸಿಲು ದಾಟುವಂತಿಲ್ಲ, ಅದನ್ನು ಕಟ್ಟಿಕೊಂಡು ಹೋದರೆ ವ್ಯಾಪಾರವಿಲ್ಲ. ಅತ್ತೆ ಎಲ್ಲ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಮೈ ಉರಿಯಿತು.

"ನಗಬೇಡಿ ಅತ್ತೆ. ಎಲೆ ಅಡಿಕೆಗೆ ಇನ್ನೊಂದು ಸಂಚಿ ಹೊಲಿದುಕೊಡಿ."

"ಇನ್ನೊಂದು ಯಾತಕ್ಕೆ? ನಾನಿಲ್ವಾ?"

ಮರುದಿನ ಬೆಳಗ್ಗೆ ನಾನು ಹೊರಡುವ ಮೊದಲೇ ಅವರು ಹೊಸ ಸೀರೆ ಉಟ್ಟು, ಸಂಚಿ ತುಂಬಿಕೊಂಡು ಕಾರಿನಲ್ಲಿ ಕೂತಿದ್ದರು. ನಲ್ಲೂರಿನ ಅಜ್ಜಿಗೆ ತಾವೇ ಎಲೆಗೆ ಸುಣ್ಣ ಹಚ್ಚಿ ಮಡಚಿ ಕೊಟ್ಟು, "ನಮ್ಮ ಸೊಸೆಗೆ ಎಲೆ ಅಡಿಕೆ ಅಭ್ಯಾಸ ಇಲ್ಲ ಕಣವ್ವ, ಸಂಚಿ ಬರೀ ಶೋಕಿಗೆ," ಎಂದರು. ಮಾಲು ನಮ್ಮದಾಯಿತು. ಅವರಿಬ್ಬರ ಹರಟೆ ಮುಗಿಯುವಷ್ಟರಲ್ಲಿ ಊಟದ ಹೊತ್ತಾಗಿತ್ತು.

ವಾಪಸ್ ಬರುವಾಗ, "ಹೊನ್ನಾಳಿ ಕಡೆ ತಿರುಗಿಸು. ಹೊಳ್ಯಾಗೆ ಕಾಲು ಇಳಿಬಿಟ್ಟು ಕೂರಬೇಕು," ಎಂದರು.

"ಅಲ್ಲೇನು ಕೆಲಸ ಅತ್ತೆ?"

"ಕೆಲಸ ಏನೂ ಇಲ್ಲ. ನಾನು ಮದುವೆಯಾಗಿ ಬಂದಾಗಿಂದ ಕೇಳ್ತಿದ್ದೆ. ಹೆಂಗಸ್ರೇ ಎಲ್ಲಿಗೆ ಹೋಗ್ತೀರಿ, ಏನಾದ್ರೂ ಆದ್ರೆ ಅಂತಿದ್ರು ನಿಮ್ಮ ಮಾವ. ಈಗ ಪಿಸ್ತೂಲು ಐತಲ್ಲ."

ನಾನು ಕಾರನ್ನು ಹೊನ್ನಾಳಿ ರಸ್ತೆಗೆ ತಿರುಗಿಸಿದೆ.