ಮೂರು ಹುಕ್ಕಿನ ಬಾಡಿ

ವಾಷಿಂಗ್ ಮೆಷಿನ್ನಿಗೆ ಬ್ರಾ ಹಾಕುವಾಗ ಅದರ ಹುಕ್ಕುಗಳನ್ನು ಸಿಕ್ಕಿಸಿಯೇ ಹಾಕಬೇಕು. ಇಷ್ಟು ಸಣ್ಣ ವಿಷಯ ಕಲಿಯಲು ನನಗೆ ನಲವತ್ತೆರಡು ವರ್ಷ ಬೇಕಾಯಿತು. ಅದೂ ನನ್ನದನ್ನು ಹಾಳು ಮಾಡಿಕೊಂಡು ಕಲಿತದ್ದಲ್ಲ. ನನ್ನವು ಹಾಳಾಗುತ್ತಲೇ ಇದ್ದವು. ಹುಕ್ಕು ಸೊಟ್ಟಗಾಗುವುದು, ದುಪಟ್ಟಾವನ್ನು ಕಚ್ಚಿ ಎಳೆದುಕೊಂಡು ಬರುವುದು, ಒಳಗಿನ ತಂತಿ ಹೊರಗೆ ಬಂದು ಪಕ್ಕೆಗೆ ಚುಚ್ಚುವುದು, ಎಲ್ಲ ಆಗಿತ್ತು. ಮೆಷಿನ್ ಅಂದಮೇಲೆ ಇಷ್ಟೇ ಎಂದು ಎಸೆದು ಹೊಸದು ತರುತ್ತಿದ್ದೆ. ಬುದ್ಧಿ ಬಂದದ್ದು ಅತ್ತೆಯದನ್ನು ಹಾಳು ಮಾಡಿದ ಮೇಲೆ.

ನಾನು ಮೈಸೂರಿನವಳು. ಮದುವೆಯಾಗಿ ಚೆನ್ನೈಗೆ ಬಂದು ಹದಿನಾರು ವರ್ಷವಾಯಿತು. ಗಂಡನ ಮನೆಯವರು ಮೂರು ತಲೆಮಾರಿನಿಂದ ಇಲ್ಲೇ ನೆಲೆಸಿದ ಮಾಧ್ವರು. ಮನೆಯಲ್ಲಿ ಆಡುವುದು ಕನ್ನಡವೇ, ಆದರೆ ನಾಲ್ಕು ಮಾತಿಗೊಂದು ತಮಿಳು ಬಂದು ಕೂತಿರುತ್ತದೆ. ಮೊದಮೊದಲು ನಗು ಬರುತ್ತಿತ್ತು. ಈಗ ನಾನೂ ಹಾಗೆಯೇ ಮಾತಾಡುತ್ತೇನೆ, ತೌರಿಗೆ ಹೋದರೆ ತಂಗಿ ಅಣಕಿಸುತ್ತಾಳೆ.

ಈ ಮನೆಗೆ ಬಂದ ವಾರದಲ್ಲೇ ಅತ್ತೆ ನನಗೆ ಹೇಳಿಕೊಟ್ಟ ಮೊದಲ ಪಾಠ ಅಡುಗೆಯದಲ್ಲ, ಬಟ್ಟೆ ಒಣಗಿಸುವುದು. ಮಡಿ ಸೀರೆ ಸೂರಿನ ಕೆಳಗಿನ ಗಳುವಿನ ಮೇಲೆ, ಕೋಲಿನಲ್ಲಿ ಹರವಬೇಕು. ಮಿಕ್ಕ ಬಟ್ಟೆ ಬಾಲ್ಕನಿಯ ತಂತಿಯ ಮೇಲೆ. ಹೆಂಗಸರ ಒಳಬಟ್ಟೆ ಅದೇ ತಂತಿಯ ಕೊನೆಯಲ್ಲಿ, ಅದರ ಮೇಲೊಂದು ಟವೆಲ್ ಮುಚ್ಚಿ. "ಎದುರು ಫ್ಲ್ಯಾಟಿನವರಿಗೆ ನಮ್ಮ ಮನೆ ಕಣಕ್ಕೆಲ್ಲಾ ಎದುಕ್ಕೆ ತೋರಿಸಬೇಕು?" ಎನ್ನುತ್ತಿದ್ದರು. ಕಣಕ್ಕು ಎಂದರೆ ತಮಿಳಿನಲ್ಲಿ ಲೆಕ್ಕ. ಎದುರು ಫ್ಲ್ಯಾಟಿನವರ ತಂತಿಯ ಮೇಲೂ ಕೊನೆಯಲ್ಲೊಂದು ಟವೆಲ್ ಇರುತ್ತಿತ್ತು. ಈ ಊರಿನ ಸೆಖೆಗೂ ಗಾಳಿಯ ತೇವಕ್ಕೂ ಟವೆಲ್ಲಿನಡಿ ಯಾವುದು ಒಣಗುತ್ತದೆ? ಸಂಜೆ ಮುಟ್ಟಿದರೆ ತಣ್ಣಗೆ, ಮುಗ್ಗಲು ವಾಸನೆ. ಹದಿನಾರು ವರ್ಷ ನಾನು ಅದನ್ನೇ ಹಾಕಿಕೊಂಡು ಪೆರುಂಗುಡಿಯ ಆಫೀಸಿಗೆ ಹೋಗಿದ್ದೇನೆ.

ಎರಡು ವರ್ಷದ ಹಿಂದೆ ಅತ್ತೆಗೆ ಎದೆಯಲ್ಲಿ ಗಡ್ಡೆ ಕಾಣಿಸಿತು. ಆಪರೇಷನ್ ಮಾಡಿ ಎಡಗಡೆಯದನ್ನು ಪೂರ್ತಿ ತೆಗೆದರು. ಆಸ್ಪತ್ರೆಯಲ್ಲಿ ಅವರ ಜೊತೆ ಇದ್ದದ್ದು ಅವರ ತಂಗಿ. ಮನೆಗೆ ಬಂದ ಮೇಲೂ ಗಾಯದ ಬಟ್ಟೆ ಬದಲಾಯಿಸಲು ನರ್ಸ್ ಬರುತ್ತಿದ್ದಳು, ಬಾಗಿಲು ಹಾಕಿಕೊಳ್ಳುತ್ತಿದ್ದರು. ನಾನು ಗಂಜಿ ಮಾಡಿದೆ, ಕಾರಿನಲ್ಲಿ ಕರೆದುಕೊಂಡು ಹೋಗಿ ಬಂದೆ, ಮಾತ್ರೆ ಎಣಿಸಿ ಕೊಟ್ಟೆ. ಆ ಬಾಗಿಲಿನ ಒಳಗೆ ಮಾತ್ರ ನನಗೆ ಪ್ರವೇಶವಿರಲಿಲ್ಲ. ನಾನೂ ಕೇಳಲಿಲ್ಲ. ಕೇಳಬೇಕಿತ್ತೋ ಏನೋ, ಗೊತ್ತಿಲ್ಲ.

ಅವರ ತಂಗಿಯೇ ಹುಡುಕಿ ಅವರಿಗೆ ಬೇರೆ ಥರದ ಬ್ರಾ ತಂದುಕೊಟ್ಟಿದ್ದರು. ಅತ್ತೆ ಬ್ರಾ ಎನ್ನುವುದಿಲ್ಲ, ಬಾಡಿ ಎನ್ನುತ್ತಾರೆ. ಅದರ ಎಡಗಡೆ ಒಳಗೊಂದು ಜೇಬು. ಜೇಬಿನಲ್ಲಿ ಸಿಲಿಕೋನಿನ ಮೆತ್ತನೆ ಪ್ಯಾಡ್ ಇಟ್ಟುಕೊಂಡರೆ ಎರಡು ಕಡೆಯೂ ಸಮ ಕಾಣುತ್ತದೆ, ಭಾರವೂ ಸಮ ಇರುತ್ತದೆ. ಹಿಂದೆ ಅಗಲವಾದ ಪಟ್ಟಿ, ಮೂರು ಹುಕ್ಕು. ತಂದದ್ದು ಎರಡು. ಒಂದು ದೊಗಳೆಯಾಗಿ ಮೂಲೆ ಸೇರಿತ್ತು, ಉಳಿದದ್ದು ಒಂದೇ. ಇದಿಷ್ಟೂ ನನಗೆ ಆಮೇಲೆ ತಿಳಿದದ್ದು. ಆಗ ಅದನ್ನು ನಾನು ಕಣ್ಣಿನಿಂದಲೂ ನೋಡಿರಲಿಲ್ಲ, ಯಾಕೆಂದರೆ ಅತ್ತೆ ಅದನ್ನು ತಂತಿಯ ಮೇಲೆ ಟವೆಲ್ ಮುಚ್ಚಿ ಕೂಡ ಹಾಕುತ್ತಿರಲಿಲ್ಲ. ಎಲ್ಲರೂ ಹೊರಗೆ ಹೋದ ಮೇಲೆ ಕೈಯಲ್ಲೇ ಒಗೆದು ತಮ್ಮ ರೂಮಿನ ಬೀರುವಿನ ಹಿಂದೆ ಒಣಗಿಸುತ್ತಿದ್ದರು. ಎಡಗೈಯಲ್ಲಿ ಬಟ್ಟೆ ಹಿಂಡಬಾರದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರೂ.

ಅತ್ತೆಗೆ ದೇವರನಾಮ ಹಾಡುವುದೆಂದರೆ ಪ್ರಾಣ. ಅಡ್ಯಾರಿನಲ್ಲಿ ಅವರದೊಂದು ಭಜನಾ ಮಂಡಳಿಯಿದೆ. ಹತ್ತು ಹನ್ನೆರಡು ಜನ ಹೆಂಗಸರು, ಶನಿವಾರ ಬೆಳಿಗ್ಗೆ ಒಬ್ಬರ ಮನೆಯಲ್ಲಿ ಸೇರುತ್ತಾರೆ. ಆಪರೇಷನ್ ಆದಾಗಿನಿಂದ ಅತ್ತೆ ಹೋಗಿರಲಿಲ್ಲ. ಮಂಡಳಿಯವರು ಫೋನ್ ಮಾಡಿ ಕರೆದರೆ ಮಂಡಿ ನೋವು, ತಲೆ ಸುತ್ತು ಎಂದು ಏನೇನೋ ಹೇಳಿ ತಪ್ಪಿಸಿಕೊಳ್ಳುತ್ತಿದ್ದರು. ಮನೆಯಲ್ಲೂ ಹಾಡುವುದನ್ನು ನಿಲ್ಲಿಸಿಬಿಟ್ಟರು. ಸಾರಿಗೆ ಒಗ್ಗರಣೆ ಹಾಕುವಾಗ ಗುನುಗುತ್ತಿದ್ದ ಹೆಂಗಸು, ಆ ಗುನುಗೂ ಇಲ್ಲ. ಕೊನೆಗೆ ಹೋದ ಜೂನಿನಲ್ಲಿ ಒಂದು ದಿನ ಊಟಕ್ಕೆ ಕೂತಾಗ, "ಈ ಶನಿವಾರ ಕಂಡಿಪ್ಪಾ ಬರ್ತೀನಿ ಅಂತ ಹೇಳ್ಬಿಟ್ಟೆ" ಎಂದರು. ನನ್ನ ಗಂಡ ತಟ್ಟೆಯಿಂದ ತಲೆಯೆತ್ತಿ ನೋಡಿದರು. ನಾನು ಅತ್ತೆಗೆ ಸಾರು ಬಡಿಸಿದೆ. ಮಾತೆತ್ತಿದರೆ ಎಲ್ಲಿ ಮನಸ್ಸು ಬದಲಾಯಿಸುತ್ತಾರೋ ಎಂಬ ಭಯ.

ಅದರ ಎರಡು ದಿನ ಮೊದಲು, ಗುರುವಾರ, ನಾನು ಈ ಘನಂದಾರಿ ಕೆಲಸ ಮಾಡಿದ್ದು. ಮನೆಯಿಂದಲೇ ಕೆಲಸ ಮಾಡುವ ದಿನ, ಹತ್ತು ಗಂಟೆಗೆ ನನಗೊಂದು ಮೀಟಿಂಗ್. ಅಷ್ಟರೊಳಗೆ ಮೆಷಿನ್ ಹಾಕಿಬಿಡೋಣ ಎಂದು ಮನೆಯವರೆಲ್ಲರ ಬಟ್ಟೆ ಒಟ್ಟುಗೂಡಿಸಿದೆ. ಬಚ್ಚಲಿನ ಬಕೆಟ್ಟಿನ ತಳದಲ್ಲಿ ತೀರಿಹೋದ ಮಾವನವರ ಹಳೆ ಪಂಚೆಯ ಗಂಟೊಂದಿತ್ತು. ಒರೆಸುವ ಬಟ್ಟೆಗೆಂದು ಇಟ್ಟಿದ್ದಾರೆ ಎಂದುಕೊಂಡೆ. ಬಿಚ್ಚಿಯೂ ನೋಡದೆ ಗಂಡನ ಎರಡು ಜೀನ್ಸಿನ ಜೊತೆ ಹಾಗೆಯೇ ತುರುಕಿ, ಬಿಸಿನೀರು ಇಟ್ಟು, ಜೋರಾಗಿ ಹಿಂಡುವಂತೆ ತಿರುಗಿಸಿ ಹೋಗಿ ಲ್ಯಾಪ್‌ಟಾಪಿನ ಮುಂದೆ ಕೂತೆ.

ಸ್ವಲ್ಪ ಹೊತ್ತಿಗೆ ಮೆಷಿನ್ನಿನಿಂದ ಕಟಕಟ ಸದ್ದು. ಜೀನ್ಸಿನ ಗುಂಡಿಯಿರಬೇಕೆಂದು ಸುಮ್ಮನಿದ್ದೆ. ಮೀಟಿಂಗ್ ಮುಗಿಸಿ ಹೋಗಿ ಬಾಗಿಲು ತೆಗೆದರೆ, ಗಂಟು ಬಿಚ್ಚಿಕೊಂಡು ಪಂಚೆ ಹಗ್ಗದಂತೆ ಹುರಿಗೊಂಡಿದೆ. ಅದರೊಳಗೆ ಚರ್ಮದ ಬಣ್ಣದ ಏನೋ ಸಿಕ್ಕಿಹಾಕಿಕೊಂಡಿದೆ. ಎಳೆದೆ. ಪಂಚೆ ಪರ್ರೆಂದು ಹರಿಯಿತು. ಕೈಗೆ ಬಂದದ್ದು ಬಾಡಿ. ಒಂದು ಹುಕ್ಕು ಕಿತ್ತುಹೋಗಿತ್ತು, ಒಂದು ಚಪ್ಪಟೆಯಾಗಿತ್ತು, ಮೂರನೆಯದು ಪಟ್ಟಿಯ ಸಮೇತ ಹರಿದು ನೇತಾಡುತ್ತಿತ್ತು. ಒಳಗಡೆ ಜೇಬು ಕಂಡಾಗ ಅದು ಅತ್ತೆಯದೆಂದು ಹೊಳೆಯಿತು. ಪುಣ್ಯಕ್ಕೆ ಪ್ಯಾಡ್ ಅದರಲ್ಲಿರಲಿಲ್ಲ.

ತಲೆಯೆತ್ತಿದರೆ ಅತ್ತೆ ಬಾಲ್ಕನಿಯ ಬಾಗಿಲಲ್ಲಿ ನಿಂತಿದ್ದಾರೆ. ನಾನು ಹಿಡಿದದ್ದನ್ನು ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಸೆರಗಿನೊಳಗೆ ಇಟ್ಟುಕೊಂಡರು.

"ನಾನು ಶನಿವಾರ ಬರಲ್ಲ ಅಂತ ಮಂಡಳಿಯವರಿಗೆ ಫೋನ್ ಮಾಡಿ ಹೇಳ್ಬಿಡು," ಎಂದರು.

ತಪ್ಪು ನನ್ನದು. ಆದರೂ ನನಗೇ ಎಲ್ಲಿಲ್ಲದ ಸಿಟ್ಟು ಬಂತು. ನನ್ನ ಸ್ವಭಾವವೇ ಅಂಥದ್ದು. "ಅಲ್ಲ ಅತ್ತೆ, ನನಗೆ ಮೊದಲೇ ಹೇಳಬೇಕಲ್ವಾ? ಹೀಗೆ ಗಂಟು ಕಟ್ಟಿ ಬಚ್ಚಿಟ್ರೆ ನನಗೆ ಕನಸು ಬೀಳುತ್ತಾ?" ಎಂದುಬಿಟ್ಟೆ.

"ಏನಂತ ಹೇಳ್ಲೇ?" ಎಂದು ಅವರೂ ದನಿಯೆತ್ತಿದರು. "ಇದು ನನ್ನ ಒಂದು ಕಡೆ ಬಾಡಿ, ಜೋಪಾನ ಅಂತ ಹೇಳ್ಲಾ?"

ಸದ್ದು ಕೇಳಿ ಗಂಡ ಬಂದು, "ಏನಾಯ್ತು?" ಎಂದರು. "ಏನಿಲ್ಲ" ಎಂದೆವು, ಇಬ್ಬರೂ ಒಟ್ಟಿಗೆ. ಅವರು ಸುಮ್ಮನೆ ಹಿಂತಿರುಗಿದರು. ಅತ್ತೆ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡರು.

ಅವರ ತಂಗಿಯಿಂದ ಅಂಗಡಿಯ ನಂಬರು ತೆಗೆದುಕೊಂಡು ಫೋನ್ ಮಾಡಿದೆ. ಆ ಅಳತೆಯದು ತರಿಸಬೇಕು, ಹತ್ತು ದಿನ ಎಂದರು. ಬೀದಿಕೊನೆಯ ಟೈಲರಿಗೆ ಕೊಟ್ಟು ಹೊಲಿಸಲೇ ಎಂದು ಬಾಗಿಲ ಹೊರಗಿನಿಂದಲೇ ಕೇಳಿದೆ. "ಗಂಡಸಿನ ಕೈಗೆ ಕೊಡ್ತೀಯಾ ಅದನ್ನ? ಬೇಡವೇ ಬೇಡ" ಎಂದು ಒಳಗಿನಿಂದ ಉತ್ತರ ಬಂತು. ಮಂಡಳಿಯವರಿಗೆ ಮಾತ್ರ ನಾನು ಫೋನ್ ಮಾಡಲಿಲ್ಲ. ಹೇಳಿದ ಹಾಗೆ ಕೇಳುವ ಸೊಸೆ ನಾನು ಯಾವತ್ತೂ ಆಗಿರಲಿಲ್ಲ.

ಶುಕ್ರವಾರ ರಜೆ ಹಾಕಿದೆ. ನನ್ನ ಬಳಿಯೂ ಮೂರು ಹುಕ್ಕಿನದು ಒಂದಿತ್ತು, ತಂದು ಎರಡು ತಿಂಗಳಾಗಿರಲಿಲ್ಲ. ಆಶ್ಚರ್ಯವೆಂದರೆ ಅದರ ಹುಕ್ಕುಗಳು ಇನ್ನೂ ನೆಟ್ಟಗಿದ್ದವು. ಬ್ಲೇಡಿನಿಂದ ಹೊಲಿಗೆ ಬಿಚ್ಚಿ ಹುಕ್ಕಿನ ಪಟ್ಟಿಯನ್ನು ಬೇರೆ ಮಾಡಿ, ಅದನ್ನೂ ಸೂಜಿದಾರವನ್ನೂ ಹಿಡಿದು ಅತ್ತೆಯ ರೂಮಿಗೆ ಹೋದೆ.

"ಇದು ಎಲ್ಲೀದೇ?"

"ನಂದು."

"ಹೊಸದನ್ನ ಕತ್ತರಿಸಿದ್ಯಾ? ನಿನಗೇನು ತಲೆಗಿಲೆ ಕೆಟ್ಟಿದೆಯಾ?"

"ಕೆಟ್ಟಿದೆ. ಬೇಗ ಕೊಡಿ, ನನಗೆ ಸರಿಯಾಗಿ ಹೊಲಿಯೋಕೆ ಬರಲ್ಲ. ನೀವು ಹೊಲೀರಿ, ನಾನು ಹಿಡ್ಕೊಳ್ತೀನಿ."

ಅತ್ತೆ ದಿಂಬಿನ ಕೆಳಗಿನಿಂದ ಬಾಡಿ ತೆಗೆದರು. ಹಳೆ ಪಟ್ಟಿ ಬಿಚ್ಚಿ ನನ್ನದನ್ನು ಇಟ್ಟು ನೋಡಿದರೆ, ಒಂದು ನೂಲಿನಷ್ಟು ಅಗಲ ಹೆಚ್ಚು. ಅಂಚು ಮಡಚಿದರು. ನಾನು ಬಟ್ಟೆಯನ್ನು ಬಿಗಿಯಾಗಿ ಹಿಡಿದೆ, ಅವರು ಕನ್ನಡಕ ಏರಿಸಿಕೊಂಡು ಒತ್ತೊತ್ತಾಗಿ ಹೊಲಿಗೆ ಹಾಕತೊಡಗಿದರು. ಎರಡನೇ ಹುಕ್ಕಿನ ಹತ್ತಿರ ಬಂದಾಗ, ತಲೆಯೆತ್ತದೆಯೇ ಹೇಳಿದರು.

"ಅವರ ಪಂಚೇಲಿ ಕಟ್ಟಿದ್ರೆ ಯಾರೂ ಬಿಚ್ಚಿ ನೋಡಲ್ಲ ಅಂತ ಕಟ್ತಿದ್ದೆ."

"ನಾನು ನೋಡಿದ್ರೆ ಏನಾಗ್ತಿತ್ತು?"

"ನೀನು 'ಪಾಪ' ಅಂತೀಯ. ಅದೊಂದು ವೇಂಡಾಂ ನನಗೆ."

ನೋಡಿದ್ದರೆ ಖಂಡಿತ ಹಾಗೇ ಅಂದಿರುತ್ತಿದ್ದೆ. ಹಿಂದಿನ ದಿನ ಮೆಷಿನ್ನಿನ ಮುಂದೆ ನಿಂತು ಮನಸ್ಸಿನಲ್ಲಿ ಅಂದೂ ಆಗಿತ್ತು.

ಹೊಲಿಗೆ ಮುಗಿದ ಮೇಲೆ ಹಾಕಿ ನೋಡಲು ಬಚ್ಚಲಿಗೆ ಹೋದರು. ಐದು ನಿಮಿಷವಾದರೂ ಬರಲಿಲ್ಲ. ಹೊಸ ಹುಕ್ಕು ಬಿಗಿ, ಎಡಗೈ ಹಿಂದಕ್ಕೆ ಹೋಗುವುದಿಲ್ಲ. ಇಷ್ಟು ದಿನ ಹುಕ್ಕನ್ನು ಮುಂದೆ ಹಾಕಿಕೊಂಡು ಹಿಂದಕ್ಕೆ ತಿರುಗಿಸಿಕೊಳ್ಳುತ್ತಿದ್ದರಂತೆ. ಮೊದಲನೆಯದು ದೊಗಳೆಯಾದದ್ದು ಅದಕ್ಕೇ ಇರಬೇಕು. ಬಾಗಿಲು ಅರ್ಧ ತೆರೆಯಿತು. "ಬಾರೇ, ಹಾಕು" ಎಂದರು. ಬೆನ್ನು ನನ್ನ ಕಡೆ ಮಾಡಿ ನಿಂತಿದ್ದರು. ಮೂರೂ ಹುಕ್ಕು ಹಾಕಿದೆ. "ಬಿಗಿಯಾಯ್ತಾ?" ಎಂದೆ. "ಶೆರಿಯಾಗಿದೆ" ಎಂದರು.

ಸಂಜೆ ಕೂತು ಇಬ್ಬರೂ, ಬಾಡಿಯನ್ನು ಮೆಷಿನ್ನಿಗೆ ಹಾಕಲೆಂದು, ಒಂದು ಚೀಲವನ್ನೂ ಹೊಲಿದೆವು. ಕಿಟಕಿಗೆ ಸೊಳ್ಳೆ ಬಲೆ ಹಾಕಿಸಿದಾಗ ಒಂದು ಮೊಳ ಉಳಿದಿತ್ತು, ಅದೇ ಬಲೆ. ಹಳೆ ಕುಶನ್ ಕವರಿನ ಜಿಪ್ಪು ಬಿಚ್ಚಿ ಅದಕ್ಕೆ ಹೊಲಿದೆವು. ಜಿಪ್ಪಿನ ತುದಿ ಬೇರೆ ಬಟ್ಟೆಗೆ ತಗಲದಂತೆ ಮೇಲೊಂದು ಪಟ್ಟಿ ಇರಲಿ ಎಂದದ್ದು ಅತ್ತೆ. ಇನ್ನು ಮೇಲೆ ಕೈಯಲ್ಲಿ ಒಗೆದು ಹಿಂಡುವಂತಿಲ್ಲ ಎಂದು ನಾನು ಜಗಳವಾಡಿ ಒಪ್ಪಿಸಿದೆ. ಪ್ಯಾಡ್ ತೆಗೆದು, ಹುಕ್ಕು ಸಿಕ್ಕಿಸಿ, ಚೀಲಕ್ಕೆ ಹಾಕಿ, ಜಿಪ್ಪು ಎಳೆದು, ತಣ್ಣೀರಿನಲ್ಲಿ, ಮೆಲ್ಲಗೆ ತಿರುಗುವಂತೆ ಇಟ್ಟು ಒಗೆಯುವುದು. ಜೀನ್ಸ್ ಅದರ ಹತ್ತಿರ ಸುಳಿಯಬಾರದು. ಒಣಗಿಸುವಾಗ ಭುಜದ ಪಟ್ಟಿಯಿಂದ ನೇತುಹಾಕಿದರೆ ಜಗ್ಗುತ್ತದೆ, ನಡುವಿನಿಂದ ತಂತಿಗೆ ಮಡಚಿ ಹಾಕಬೇಕು. "ಟವೆಲ್?" ಎಂದೆ. "ಟವೆಲ್ ಇರಲಿ," ಎಂದರು. ಇರಲಿ ಎಂದು ನಾನೂ ಬಿಟ್ಟೆ. ಬೀರುವಿನ ಹಿಂದಿನಿಂದ ಬಾಲ್ಕನಿಗೆ ಬಂದದ್ದೇ ದೊಡ್ಡದು.

ಶನಿವಾರ ಬೆಳಿಗ್ಗೆ ಅತ್ತೆ ಹಸಿರು ರೇಷ್ಮೆ ಸೀರೆ ಉಟ್ಟರು. ಹುಕ್ಕು ನಾನು ಹಾಕಿದೆ. ಕನ್ನಡಿಯ ಮುಂದೆ ಒಮ್ಮೆ ಎಡಕ್ಕೆ ತಿರುಗಿದರು, ಒಮ್ಮೆ ಬಲಕ್ಕೆ. ಸೆರಗು ಇನ್ನೊಂದು ಸುತ್ತು ಹೊದೆಯಲು ಹೋಗಿ ಬಿಟ್ಟುಬಿಟ್ಟರು. ಆಟೋ ಬಂತು, ಹೋದರು. ನಾನು ಇಡೀ ಬೆಳಿಗ್ಗೆ ಆ ಹೊಲಿಗೆಯನ್ನೇ ನೆನೆಸಿಕೊಂಡಿದ್ದೆ. ಮೇಲಿನ ಸ್ವರಕ್ಕೆ ಉಸಿರೆಳೆದಾಗ ದಾರ ಕಿತ್ತುಬಂದರೆ? ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಎರಡು ಸಲ ನಾಲಿಗೆಗೆ ಹಚ್ಚಿ ನೋಡಿದೆ.

ಒಂದು ಗಂಟೆಗೆ ಬಂದರು. ಕೈಕಾಲು ತೊಳೆದು ತಟ್ಟೆಯ ಮುಂದೆ ಕೂತರು. ನಾನು ತಡೆಯಲಾರದೆ, "ಹಾಡಿದ್ರಾ?" ಎಂದೆ.

"ಹಾಡ್ದೆ. ಮೂರು." ಅನ್ನಕ್ಕೆ ಸಾರು ಕಲಸಿಕೊಂಡು ಒಂದು ತುತ್ತು ತಿಂದರು. "ಏನೇ, ಆ ಸೊಳ್ಳೆ ಬಲೆ ಇನ್ನೂ ಇದೆಯಾ?"

"ಒಂದು ತುಂಡು ಇದೆ. ಯಾಕೆ?"

"ಇನ್ನೊಂದು ಚೀಲ ಹೊಲೀಬೇಕು."

ಮಂಡಳಿಯಲ್ಲಿ ಅವರ ಪಕ್ಕ ಕೂತು ತಾಳ ಹಾಕುವ ಹೆಂಗಸೊಬ್ಬರಿದ್ದಾರೆ, ಹಾಡಿನ ಮಧ್ಯೆ ಆಕೆ 'ಸ್ಸ್' ಎಂದು ಎದೆ ಹಿಡಿದುಕೊಂಡು ಒಳಗೆ ಹೋದರಂತೆ. ಅತ್ತೆ ಹಿಂದೆಯೇ ಹೋದರು. ನೋಡಿದರೆ ಆಕೆಗೂ ನಾಲ್ಕು ವರ್ಷದ ಹಿಂದೆ ಅದೇ ಆಪರೇಷನ್. ಯಾರಿಗೂ ಹೇಳಿಲ್ಲ. ಅಷ್ಟು ವರ್ಷವೂ ಕರ್ಚೀಫು ಮಡಚಿ ಒಳಗಿಟ್ಟು ಸೇಫ್ಟಿ ಪಿನ್ ಹಾಕಿಕೊಂಡು ಬಂದು ಕೂತು ತಾಳ ಹಾಕಿದ್ದಾರೆ. ಆ ದಿನ ಪಿನ್ನು ಬಿಚ್ಚಿಕೊಂಡು ಚುಚ್ಚಿತ್ತು.

"ಇಂಥ ಬಾಡಿ ಸಿಗುತ್ತೆ ಅಂತಲೇ ಅವಳಿಗೆ ಗೊತ್ತಿಲ್ಲ ಕಣೇ. ಹೇಳಿದ್ರೆ ತಿಳೀಲಿಲ್ಲ. ಬಾಗಿಲು ಹಾಕಿ, ರವಿಕೆ ಬಿಚ್ಚಿ ತೋರಿಸ್ದೆ."

ಸಾರಿನ ಸೌಟು ಹಿಡಿದು ಹಾಗೆಯೇ ನಿಂತೆ. ನನಗೆ ಅಳು ಬಂತು, ಅದನ್ನು ಯಾಕೆ ಮುಚ್ಚಿಡಲಿ. ಅತ್ತೆ ನೋಡಿದರೂ ನೋಡದವರಂತೆ ಮಜ್ಜಿಗೆಯ ಪಾತ್ರೆ ತಮ್ಮ ಕಡೆ ಎಳೆದುಕೊಂಡರು.

"ಅಂಗಡಿ ನಂಬರು ಬರೆದುಕೊಟ್ಟಿದೀನಿ," ಎಂದರು. "ಹುಕ್ಕು ಸಿಕ್ಕಿಸಿಯೇ ಮೆಷಿನ್ನಿಗೆ ಹಾಕು ಅಂತಲೂ ಹೇಳಿದೀನಿ. ಮೊದಲೇ ಹೇಳಬೇಕಲ್ವಾ?"